ಮೈದುನನ ಎಂಟು ಪಾಯಿಂಟ್ ಎರಡು

ಟಿಣ್, ಟಿಣ್, ಟಿಣ್. ಸ್ಟೀಲ್ ಚೊಂಬಿನೊಳಗೆ ಚಮಚ ತಿರುಗುವ ಶಬ್ದ. ಆ ಎರಡು ವರ್ಷಗಳನ್ನು ನೆನೆಸಿಕೊಂಡರೆ ನನ್ನ ಕಿವಿಗೆ ಮೊದಲು ಬರುವುದು ಇದೇ. ಸಿಂಧನೂರಿನ ಬಿಸಿಲಲ್ಲಿ ಬೆಂದು ಬಂದವರು ಮೈದುನನ ಮನೆಯ ಹಾಲ್‌ನಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾರೆ, ಅಡುಗೆಮನೆಯಿಂದ ಈ ಶಬ್ದ ಕೇಳುತ್ತಿದೆ ಎಂದರೆ ಏನು ತಿಳಿದುಕೊಳ್ಳಬೇಕು ಹೇಳಿ? ನಿಂಬೆಹಣ್ಣಿನ ಶರಬತ್ತು ಎಂದೇ ಅಲ್ಲವೇ? ಬಂದವರು ತುಟಿ ಒರೆಸಿಕೊಂಡು, ಸೆರಗು ಸರಿ ಮಾಡಿಕೊಂಡು, ಲೋಟ ತೆಗೆದುಕೊಳ್ಳಲು ರೆಡಿಯಾಗಿ ಕೂಡುತ್ತಿದ್ದರು. ಮೈದುನ ಚೊಂಬು ಹಿಡಿದು ಹೊರಗೆ ಬರುತ್ತಿದ್ದ. ಎಲ್ಲರ ಮುಂದೆಯೇ ಹಾದು, ಗೋಡೆಯ ಪಕ್ಕದ ಗಾಜಿನ ತೊಟ್ಟಿಯ ಹತ್ತಿರ ಹೋಗಿ, ಅದನ್ನು ಹನಿಹನಿಯಾಗಿ ಮೀನುಗಳಿಗೆ ಬಿಡುತ್ತಿದ್ದ. ಅದು ತಿನ್ನುವ ಸೋಡಾ ಕಲಸಿದ ನೀರು. ಬಂದವರಿಗೆ ಕುಡಿಯಲು ಸಿಗುತ್ತಿದ್ದದ್ದು ಮಣ್ಣಿನ ಹರವಿಯ ನೀರು, ಅದೂ ಕೇಳಿದರೆ.

ಈ ಮನುಷ್ಯನ ಬಗ್ಗೆ ಲಿಂಗಸೂಗೂರು, ಮಸ್ಕಿ, ಸಿಂಧನೂರು ಮೂರೂ ಕಡೆ ನಮ್ಮ ಬಳಗದಲ್ಲಿ ಒಂದೇ ಮಾತಿದೆ: ಎರಡು ಮೀನಿನ ಸಲುವಾಗಿ ಬೀಗರನ್ನು ಮನೆಯಿಂದ ಹೊರಗೆ ಹಾಕಿದವನು. ಮಾತು ಸುಳ್ಳಲ್ಲ. ಹಾಕಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅಷ್ಟೇ ಏಕೆ, ಅವನ ತಲೆ ಸರಿಯಿದೆಯೋ ಇಲ್ಲವೋ ನೋಡಿ ಬಾ ಎಂದು ಬಳಗದವರು ಕಳಿಸಿದ ಎನ್ಕ್ವೈರಿ ಕಮಿಷನ್ ನಾನೇ. ನನ್ನ ರಿಪೋರ್ಟಿನ ಮೇಲೆ ಕಾಯಿಲೆ ಬಿದ್ದಿದ್ದ ನನ್ನ ನೆಗೆಣ್ಣಿ, ಅಂದರೆ ಅವನ ಹೆಂಡತಿ, ತನ್ನ ಮನೆಯಲ್ಲಿ ಉಳಿಯಬೇಕೋ, ಗಂಡನನ್ನು ಬಿಟ್ಟು ತವರು ಮುಕ್ಕುಂದಕ್ಕೆ ಹೋಗಬೇಕೋ ಎಂಬುದು ನಿಂತಿತ್ತು. ಆದ್ದರಿಂದ ಎಲ್ಲವನ್ನೂ ಮೊದಲಿನಿಂದಲೇ ಹೇಳಬೇಕು.

ಕಮಿಷನ್‌ಗೆ ನನ್ನನ್ನೇ ಯಾಕೆ ಆರಿಸಿದರು ಎಂದರೆ, ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಇದು ಹುಟ್ಟುಗುಣವೇನಲ್ಲ, ಕಾನ್ವೆಂಟಿನಲ್ಲಿ ಕಲಿತದ್ದು. ನಮ್ಮ ಸಿಸ್ಟರ್ ಕ್ಲಾಸಿಗೆ ಬಂದರೆ ಗುಡ್ ಮಾರ್ನಿಂಗ್ ಹೇಳುವ ಮೊದಲು ಬಗ್ಗಿ ಎಲ್ಲರ ಡೆಸ್ಕಿನ ಕೆಳಗೆ ನೋಡುತ್ತಿದ್ದರು. ಹುಣಸೆಹಣ್ಣು, ಪತ್ರ, ಬೆಕ್ಕಿನ ಮರಿ, ಏನಾದರೊಂದು ಇದ್ದೇ ಇರುತ್ತಿತ್ತು. ಮದುವೆಯಾಗಿ ಲಿಂಗಸೂಗೂರಿಗೆ ಬಂದಮೇಲೂ ನಾನು ಮನುಷ್ಯರನ್ನು ನೋಡುವುದು ಹಾಗೆಯೇ. ಮೊದಲು ಡೆಸ್ಕಿನ ಕೆಳಗೆ. ಗುಡ್ ಮಾರ್ನಿಂಗ್ ಆಮೇಲೆ.

ಮೈದುನ ಎಂದರೆ ನಮ್ಮ ಯಜಮಾನರ ಕಿರಿಯ ತಮ್ಮ. ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಇಡೀ ಸರ್ವಿಸ್ ಕಳೆದವನು. ಕಾಲುವೆ ನೀರು ಬಂದಮೇಲೆ ನಮ್ಮ ಕಡೆ ಭತ್ತದ ಗದ್ದೆಗಳಿಗೆ ಎಷ್ಟು ನೀರು ನಿಲ್ಲಿಸಿದರೆಂದರೆ, ಎಷ್ಟೋ ಹೊಲಗಳು ಉಪ್ಪೆದ್ದು ಸವಳಾದವು. ರೈತರು ಚೀಲದಲ್ಲಿ ಮಣ್ಣು ಹಿಡಿದು ಅವನ ಹತ್ತಿರ ಬರುತ್ತಿದ್ದರು. ಇವನು ಮಣ್ಣಿನ ಪಿಎಚ್ ನೋಡಿ, 'ಏರ್ಯಾದ್ರೀ, ಜಿಪ್ಸಂ ಹಾಕ್ರಿ' ಎಂದು ಚೀಟಿ ಬರೆದು ಕೊಡುತ್ತಿದ್ದ. ಹೀಗೆ ಮೂವತ್ತು ವರ್ಷ ಪಿಎಚ್ ಇಳಿಸುವುದೇ ಕೆಲಸ. ರಿಟೈರಾದ ಮೇಲೆ ಹಲ್ಲಿನ ಸಲುವಾಗಿ ಹೈದರಾಬಾದಿಗೆ ಹೋದ. ಆ ದವಾಖಾನೆಯ ವೇಟಿಂಗ್ ಹಾಲ್‌ನಲ್ಲಿ ಒಂದು ಸಮುದ್ರದ ನೀರಿನ ಅಕ್ವೇರಿಯಂ ಇತ್ತಂತೆ. ಹಲ್ಲು ತೆಗೆಸಿಕೊಂಡು ಬಂದ. ಬರುವಾಗ ಸಮುದ್ರವನ್ನೂ ತಂದ.

ಗಾಜಿನ ತೊಟ್ಟಿ, ಕಲ್ಲು, ಬಿಳಿ ಮರಳು, ಚೀಲದ ತುಂಬ ಸಮುದ್ರದ ಉಪ್ಪು, ಥರ್ಮೋಕೋಲ್ ಡಬ್ಬಿಯಲ್ಲಿ ಬೆರಳುದ್ದದ ಎರಡು ಕಿತ್ತಳೆ ಬಣ್ಣದ ಮೀನು, ಮೈಮೇಲೆ ಬಿಳಿ ಪಟ್ಟಿ. ನೋಡಲು ಹೋದ ನನ್ನನ್ನು ನೆಗೆಣ್ಣಿ ಬಾಗಿಲಲ್ಲೇ ಹಿಡಿದಳು.

"ಅಕ್ಕಾ, ಮೂವತ್ತು ವರ್ಷ ಮಂದಿ ಹೊಲದಾಗಿನ ಉಪ್ಪು ತಗಸಾಕ ದುಡದ್ರು. ಈಗ ಮನಿಯಾಗ ಉಪ್ಪು ತುಂಬಾಕತ್ತಾರ. ರಿಟೈರ್ ಆದ್ರ ಮನಷ್ಯಾ ಹಿಂದ ಹಿಂದ ನಡೀತಾನೇನು?"

ಈ ನೆಗೆಣ್ಣಿಯ ನಾಲಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳ ಜೊತೆ ವಾದ ಮಾಡಿ ಗೆದ್ದವರು ಮುಕ್ಕುಂದದಿಂದ ಲಿಂಗಸೂಗೂರಿನ ತನಕ ಯಾರೂ ಇರಲಿಲ್ಲ. ನಾನು ಇಂಗ್ಲಿಷಿನಲ್ಲಿ ಒಂದೆರಡು ಸಲ ಟ್ರೈ ಮಾಡಿದ್ದೆ. ಅವಳಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೂ ಗೆದ್ದಳು.

ಸಮುದ್ರದ ಮೀನಿಗೆ ನೀರಿನ ಪಿಎಚ್ ಎಂಟು ಪಾಯಿಂಟ್ ಎರಡರ ಹತ್ತಿರ ಇರಬೇಕಂತೆ. ಇವನ ತೊಟ್ಟಿಯಲ್ಲಿ ಮುಂಜಾನೆ ಏಳು ಪಾಯಿಂಟ್ ಒಂಬತ್ತು ಇರುತ್ತಿತ್ತು. ಇವನು ಸೋಡಾ ಹಾಕುತ್ತಿದ್ದ. ಸಂಜೆಗೆ ಅದು ತಾನಾಗಿಯೇ ಏರುತ್ತಿತ್ತು. ಮರುದಿನ ಮುಂಜಾನೆ ಮತ್ತೆ ಇಳಿಯುತ್ತಿತ್ತು. ಮತ್ತೆ ಸೋಡಾ. ತಿಂಗಳಲ್ಲಿ ಇವನು ಎಷ್ಟು ಸೋಡಾ ಕೊಂಡನೆಂದರೆ ಕಿರಾಣಿ ಅಂಗಡಿಯವನಿಗೇ ಶಕ್ ಬಂತು. "ಅಣ್ಣಾರ, ಮಿರ್ಚಿ ಭಜಿ ಅಂಗಡಿ ಎಲ್ಲಿ ಹಾಕಾಕತ್ತೀರಿ? ಬಸ್ ಸ್ಟ್ಯಾಂಡಿನಾಗೋ, ಎಪಿಎಂಸಿ ಮುಂದೋ?" ಎಂದು ಕೇಳಿದ. ಇವನು ಮೀನಿಗೆ ಎಂದ. ಅಂಗಡಿಯವನು ಸ್ವಲ್ಪ ಹೊತ್ತು ಯೋಚಿಸಿ, "ಮೀನಿನ ಭಜಿ ಈ ಕಡಿ ನಡೆಯಂಗಿಲ್ರೀ" ಎಂದು ಅಡ್ವೈಸ್ ಕೊಟ್ಟನಂತೆ.

ಕಡೆಗೆ ತೊಟ್ಟಿಯ ಪಂಪಿಗೆಲ್ಲ ಸುಣ್ಣ ಬಳಿದಂತೆ ಬಿಳಿ ಪದರ ಕಟ್ಟಿ, ಪಂಪ್ ನಿಂತೇ ಹೋಯಿತು. ಆಗ ಇವನಿಗೆ ಜ್ಞಾನೋದಯವಾಯಿತು. ಆ ವಾರ ನಾನು ಹೋದಾಗ ಒಂದು ಸಣ್ಣ ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು, ಅದಕ್ಕೆ ಔಷಧ ಬಿಡುತ್ತ, ಹನಿ ಎಣಿಸುತ್ತಿದ್ದ. ನೀಲಿ ಇದ್ದದ್ದು ಹಳದಿ ಆಗುವ ತನಕ ಎಷ್ಟು ಹನಿಯೋ ಅಷ್ಟು ಅಲ್ಕಲಿನಿಟಿ. ನಮ್ಮ ಸಿಸ್ಟರ್ ಜಪಸರ ಎಣಿಸುವಾಗಲೂ ಅಷ್ಟು ಭಕ್ತಿ ಕಂಡಿರಲಿಲ್ಲ ನಾನು.

"ವೈನಿ, ನಾ ಹಾದಿ ತಪ್ಪಿದ್ದೆ," ಎಂದ. "ಪಿಎಚ್ ಅಂದ್ರ ಮನಷ್ಯಾನ ಮೂಡ್ ಇದ್ದಂಗ. ಮುಂಜಾನಿ ಒಂದು, ಸಂಜೀಕ ಒಂದು. ಅದರ ಬೆನ್ನ ಹತ್ತಬಾರ್ದು. ಅಲ್ಕಲಿನಿಟಿ ಅಂದ್ರ ಸ್ವಭಾವ. ಸ್ವಭಾವ ಗಟ್ಟಿ ಇದ್ರ ಮೂಡ್ ಎಷ್ಟರ ಏರಿ ಇಳೀಲಿ, ಮನಷ್ಯಾ ಕೆಡಂಗಿಲ್ಲ. ಎಂಟರಿಂದ ಒಂಬತ್ತು ಹನಿ. ದಿನಾ ಅಷ್ಟ ಇರಬೇಕು. ಕಡಿಮಿ ಆದ್ರ ಒಂದು ದಿನಕ್ಕ ಒಂದ ಹನಿಯಷ್ಟು ಏರಿಸ್ಬೇಕು, ಜಾಸ್ತಿ ಅಲ್ಲ."

ಒಳಗಿನಿಂದ ನೆಗೆಣ್ಣಿ ಕೂಗಿದಳು: "ಹಂಗಾರ ನಿಮ್ಮದು ಎಷ್ಟು ಹನಿ ಅದ, ಅಕ್ಕನ ಮುಂದ ಎಣಿಸ್ರಿ ನೋಡೋಣು."

ಅವನು ನಳಿಗೆ ತೊಳೆದು ಡಬ್ಬಿಯಲ್ಲಿಟ್ಟ.

ನೀರಿನ ಮೇಲೂ ಅವನಿಗೆ ಸಂಶಯ. ಕಾಲುವೆ ನೀರು ಬೇಡ, ಬೋರಿನದು ಬೇಡವೇ ಬೇಡ, ಫಿಲ್ಟರ್ ನೀರಿನವರು ಫಿಲ್ಟರ್ ಬದಲಿಸುವುದನ್ನು ಕಂಡವರು ಯಾರು? ಪಾಮನಕಲ್ಲೂರಿನಲ್ಲಿ ಅವನ ಗೆಳೆಯರೊಬ್ಬರು ಮಾಳಿಗೆಯ ಮಳೆನೀರನ್ನು ಸೋಸಿ ತೊಟ್ಟಿ ತುಂಬಿಸಿಟ್ಟಿದ್ದರು. ಒಂದು ಸಲ ನಾನು ಲಿಂಗಸೂಗೂರಿನಿಂದ ಹೊರಟಾಗ ಫೋನಿನಲ್ಲಿ, "ವೈನಿ, ಹೆಂಗೂ ಮಸ್ಕಿ ಮ್ಯಾಲೇ ಬರ್ತೀರಿ" ಎಂದ. ಮಸ್ಕಿ ಬಸ್ ಸ್ಟ್ಯಾಂಡಿನಲ್ಲಿ ಆ ಗೆಳೆಯರು ಒಂದು ದೊಡ್ಡ ಕ್ಯಾನ್ ನೀರನ್ನು ಕಿಟಕಿಯ ಪಕ್ಕ ನನ್ನ ಕಾಲ ಬುಡಕ್ಕೆ ಇಟ್ಟು ನಮಸ್ಕಾರ ಮಾಡಿ ಹೋದರು.

ಕಂಡಕ್ಟರ್ ಬಂದು ಕ್ಯಾನ್ ನೋಡಿದ, ಗಂಜಿ ಹಾಕಿ ಇಸ್ತ್ರಿ ಮಾಡಿದ ನನ್ನ ಸೀರೆ ನೋಡಿದ, ಮತ್ತೆ ಕ್ಯಾನ್ ನೋಡಿದ.

"ಅಮ್ಮಾರ, ಇದರಾಗ ಏನದ?"

"ನೀರಪ್ಪಾ."

"ನೀರಾ? ಎಲ್ಲಿಗೆ?"

"ಸಿಂಧನೂರಿಗೆ."

ಅವನು ಟಿಕೆಟ್ ಮಷೀನ್ ಕೆಳಗಿಟ್ಟ. "ಅಲ್ರೀ ಅಮ್ಮಾ, ಸಿಂಧನೂರಾಗ ಕಾಲಿವಿ ತುಂಬಿ ಹರ್ಯಾಕತ್ತದ. ಮಸ್ಕಿ ಮಂದಿ ನೀರಿಗೆ ಬಾಯಿ ಬಿಡ್ತಾರ. ನೀವು ಮಸ್ಕಿ ನೀರು ಸಿಂಧನೂರಿಗೆ ಒಯ್ಯಾಕತ್ತೀರಿ?" ಮುಚ್ಚಳ ತೆಗೆದು ಮೂಸಿ ನೋಡಿದ. ವಾಸನೆ ಬರಲಿಲ್ಲ. ಅದರಿಂದ ಅವನ ಸಂಶಯ ಇನ್ನೂ ಹೆಚ್ಚಾಯಿತು. ಸಿಂಧನೂರು ಬರುವ ತನಕ ಬಸ್ಸಿನ ಅಷ್ಟೂ ಜನ ನನ್ನನ್ನು ನೋಡಿದ ನೋಟವಿದೆಯಲ್ಲ, ಜೀವನದಲ್ಲಿ ಮೊದಲ ಸಲ ನನಗೆ ಡೆಸ್ಕಿನ ಕೆಳಗಿದ್ದ ಬೆಕ್ಕಿನ ಮರಿಯ ಕಷ್ಟ ತಿಳಿಯಿತು.

ಇನ್ನು ತುರ್ವಿಹಾಳದ ಬೀಗರು. ಮೈದುನನ ಮಗಳನ್ನು ಕೊಟ್ಟ ಮನೆಯ ಹಿರಿಯರು, ದೊಡ್ಡ ಭತ್ತದ ಕಮತ, ಮನಸ್ಸೂ ಅಷ್ಟೇ ದೊಡ್ಡದು. ಒಂದು ದಿನ ಊಟಕ್ಕೆ ಬಂದರು. ತೊಟ್ಟಿಯ ಮುಂದೆ ಕೈ ಹಿಂದೆ ಕಟ್ಟಿಕೊಂಡು ನಿಂತು, ಗೋಡೆಗೆ ಅಂಟಿಸಿದ್ದ ಚೀಟಿ ಓದಿದರು. "ಪಿಎಚ್ ಎಂಟು ಪಾಯಿಂಟ್ ಎರಡು" ಎಂದಿತ್ತು. ಬೀಗರ ಮುಖ ಬಾಡಿತು. ಪಾಪ, ಅವರ ಹೊಲದ ಚೀಟಿಯಲ್ಲೂ ಒಂದು ಕಾಲಕ್ಕೆ ಇಂಥದೇ ನಂಬರ್ ಇತ್ತು. ಎಂಟು ದಾಟಿದರೆ ಹುಷಾರ್ ಎಂದು ಹೇಳಿದವನು ಈ ಮೈದುನನೇ. ಅವರು ಒಂದು ನಿರ್ಧಾರಕ್ಕೆ ಬಂದರು. ಮೈದುನ ಎಲೆ ಅಡಿಕೆ ತರಲು ಓಣಿಯ ತುದಿಗೆ ಹೋದ ಹೊತ್ತಿಗೆ, ಹೊಲಕ್ಕೆಂದು ಗಾಡಿಯಲ್ಲಿ ಒಯ್ಯುತ್ತಿದ್ದ ಚೀಲದಿಂದ ಎರಡು ಬೊಗಸೆ ಜಿಪ್ಸಂ ತಂದು, ತೊಟ್ಟಿಗೆ ಸಮವಾಗಿ ಬೀಜ ಬಿತ್ತಿದ ಹಾಗೆ ಬಿತ್ತಿದರು.

ಮೈದುನ ಬಂದು ನೋಡುತ್ತಾನೆ: ತೊಟ್ಟಿಯಲ್ಲಿ ಅಕ್ಕಿ ತೊಳೆದ ನೀರು. ಮೀನು ಕಾಣುತ್ತಿಲ್ಲ.

"ಫಿಕರ್ ಮಾಡಬ್ಯಾಡ್ರಿ ಬೀಗ್ರ," ಎಂದರು ಬೀಗರು, ಕೈ ಕೊಡವುತ್ತ. "ಸವಳಾಗಿತ್ತು. ಜಿಪ್ಸಂ ಹಾಕೀನಿ. ನೀವು ನಮಗ ಮಾಡಿದ್ದು ನಾವು ಮರೀತೀವೇನು?"

ಬೀಗರಿಗೆ ಏನು ಅನ್ನುತ್ತೀರಿ? ಮೈದುನ ಬಾಯಿ ತೆರೆದ, ಮುಚ್ಚಿದ, ತೊಟ್ಟಿಯೊಳಗಿನ ಮೀನಿನ ಹಾಗೆಯೇ. ಆಮೇಲೆ ಕೈಮುಗಿದು ಎಲೆ ಅಡಿಕೆ ಕೊಟ್ಟ. ಅವರ ಗಾಡಿ ತಿರುವು ದಾಟಿದ ಮೇಲೆ ಹನಿ ಎಣಿಸಿದರೆ ಅಲ್ಕಲಿನಿಟಿ ಮೂರಕ್ಕೆ ಬಿದ್ದಿತ್ತು. ಅರ್ಧರ್ಧ ನೀರು ಬದಲಿಸುತ್ತ, ದಿನಕ್ಕೆ ಒಂದೇ ಹನಿ ಏರಿಸುತ್ತ, ಅದನ್ನು ಮತ್ತೆ ಎಂಟಕ್ಕೆ ತರಲು ಐದು ದಿನ ಬೇಕಾಯಿತು. ಆ ಐದು ದಿನವೂ ನೆಗೆಣ್ಣಿ ನಗುವುದು ನಿಲ್ಲಿಸಲಿಲ್ಲ. ಫೋನಿನಲ್ಲಿ ನನಗೆ ಹೇಳುವಾಗ ಮಧ್ಯದಲ್ಲಿ ನಕ್ಕು ನಕ್ಕು ಫೋನು ಗಂಡನ ಕೈಗೆ ಕೊಟ್ಟಳು. ಅವನು "ವೈನಿ, ಇದು ನಗೋ ವಿಷಯ ಅಲ್ಲ" ಎಂದ.

ಅದಾಗಿ ಎರಡು ತಿಂಗಳಿಗೆ ಅವಳಿಗೆ ಸ್ಟ್ರೋಕ್ ಆಯಿತು.

ಬಲಗೈ, ಬಲಗಾಲು ಹೋದವು. ಬಾಯಿ ಒಂದು ಕಡೆ ವಾಲಿತು. ಮಾತು ನಿಂತಿತು. ತಿಳುವಳಿಕೆ ಮಾತ್ರ ಮೊದಲಿನಂತೆಯೇ ಇತ್ತು. ಎಲ್ಲ ಕೇಳುತ್ತಿತ್ತು, ಎಲ್ಲ ತಿಳಿಯುತ್ತಿತ್ತು. ಬಚ್ಚಲಿಗೆ ಮೆಟ್ಟಿಲಿಲ್ಲದ ಜಾಗ ಎಂದು ಹಾಲ್‌ನಲ್ಲೇ, ತೊಟ್ಟಿಯ ಪಕ್ಕಕ್ಕೆ ಮಂಚ ಹಾಕಿದರು.

ಆಮೇಲೆ ಶುರುವಾಯಿತು ನಮ್ಮ ಕಡೆಯ ಪದ್ಧತಿ. ಯಾರಾದರೂ ಮಲಗಿದರು ಎಂದರೆ ಬಳಗದವರೆಲ್ಲ ಬಂದು ಮಾತಾಡಿಸಿಕೊಂಡು ಹೋಗಬೇಕು. ಬರದಿದ್ದರೆ ಸಂಬಂಧ ಕಡಿದ ಹಾಗೆ. ಬಾಳೆಹಣ್ಣು, ಬಿಸ್ಕಿಟು, ಎಳನೀರು ಹಿಡಿದು ಟಂಟಂ ಆಟೋ ಮಾಡಿಕೊಂಡು ಬರುತ್ತಾರೆ. ಮಾತಾಡಿಸುವುದು ಎಂದರೆ ಮಲಗಿದವರನ್ನು ಅಂತ ನೀವು ತಿಳಿದಿದ್ದರೆ, ತಪ್ಪು. ಮಂಚದ ಸುತ್ತ ಕುರ್ಚಿ ಹಾಕಿಕೊಂಡು ತಾವು ತಾವೇ ಮಾತಾಡುತ್ತಾರೆ. "ಹೆಂಗಿದ್ದಾಕಿ ಹೆಂಗಾದ್ಲು ನೋಡವಾ." "ನಮ್ಮ ಓಣಿಯಾಗ ಒಬ್ರಿಗೆ ಹಿಂಗ ಆಗಿತ್ತು, ವರ್ಷ ತುಂಬಲಿಲ್ಲ." ಮೂಗು ಒರೆಸಿಕೊಳ್ಳುತ್ತಾರೆ. ಚಹಾ ಕುಡಿಯುತ್ತಾರೆ. ಇದರಲ್ಲಿ ಎಲ್ಲರಿಗಿಂತ ಮುಂದಿದ್ದವರು ನೆಗೆಣ್ಣಿಯ ಸ್ವಂತ ಅಕ್ಕ, ಮುಕ್ಕುಂದದವರು. ಪ್ರೀತಿಗೇನೂ ಕಡಿಮೆಯಿರಲಿಲ್ಲ. ಬಾಗಿಲಿನಿಂದಲೇ ಅಳುತ್ತ ಬರುತ್ತಿದ್ದರು, ಅಳುತ್ತಲೇ ಹೋಗುತ್ತಿದ್ದರು, ಮತ್ತೆ ವಾರದೊಳಗೆ ಬರುತ್ತಿದ್ದರು.

ಮೈದುನ ಮೀಟರ್ ತೆಗೆದದ್ದು ಆಗಲೇ. ಪೆನ್ನಿನಂಥ ಒಂದು ಪಿಎಚ್ ಮೀಟರ್ ತರಿಸಿದ್ದ. ಬಂದವರು ಕೂತು ಹತ್ತು ನಿಮಿಷ ಆಗುವಷ್ಟರಲ್ಲಿ ಎದ್ದು, ಅದನ್ನು ನೀರಲ್ಲಿ ಅದ್ದಿ, ಕಣ್ಣಿನ ಹತ್ತಿರ ಹಿಡಿದು, "ಏಳು ಪಾಯಿಂಟ್ ಏಳು" ಎನ್ನುತ್ತಿದ್ದ, ದವಾಖಾನೆಯಲ್ಲಿ ಡಾಕ್ಟರ್ ತಲೆ ಅಲ್ಲಾಡಿಸಿದ ಹಾಗೆ. "ಇಳ್ಯಾಕತ್ತದ. ಅಕ್ಕಿ ಗಿರಣಿ ಬೂದಿ ಅಂತ ಕಿಟಕಿ ಮುಚ್ಚೀವಿ. ನೀವು ಇಷ್ಟು ಮಂದಿ ಉಸಿರು ಬಿಟ್ರ ಕಾರ್ಬನ್ ಡೈಆಕ್ಸೈಡ್ ನೀರಿಗೆ ಇಳೀತದ, ಪಿಎಚ್ ಬೀಳ್ತದ. ಸಿಟ್ಟ್ ಆಗಬ್ಯಾಡ್ರಿ, ಹೊರಗ ಕಟ್ಟಿ ಮ್ಯಾಲ ಕೂಡೋಣು ನಡೀರಿ."

ಯೋಚಿಸಿ. ಐವತ್ತು ವರ್ಷದ ಸಂಬಂಧ ಇರುವವರಿಗೆ, ನೀನು ಉಸಿರು ಬಿಡುತ್ತೀ, ಹೊರಗೆ ನಡಿ ಎಂದರೆ ಹೇಗಿರುತ್ತದೆ? ತುರ್ವಿಹಾಳದ ಬೀಗರು ಒಳ್ಳೆಯವರು, ಐದು ನಿಮಿಷ ಉಸಿರು ಹಿಡಿದು ನೋಡಿದರಂತೆ. ಮುಕ್ಕುಂದದಕ್ಕ ಮಾತ್ರ ಬಿಡಲಿಲ್ಲ. ನನಗೆ ಫೋನ್ ಮಾಡಿದರು.

"ಅಕ್ಕಾರ, ನಿಮ್ಮ ಮೈದುನನಿಗೆ ತಲಿ ಕೆಟ್ಟದ. ಹೆಂಡ್ತಿ ಮಕ್ಕೊಂಡಾಳ, ಇವ ಮೀನಿನ ನಾಡಿ ಹಿಡ್ಯಾಕತ್ತಾನ. ನೀವು ಓದಿದವ್ರು. ಹೋಗಿ ನೋಡಿ ಖರೇ ಹೇಳ್ರಿ. ಇಲ್ಲಂದ್ರ ಬರೋ ಗುರುವಾರ ನಾವು ಟಂಟಂ ತಗೊಂಡು ಬಂದು ನಮ್ಮ ಹುಡುಗಿನ್ನ ಮುಕ್ಕುಂದಕ್ಕ ಕರ್ಕೊಂಡು ಹೋಗ್ತೀವಿ."

ಹುಡುಗಿಗೆ ಅರವತ್ತಾರು. ನಾನು ಭಾನುವಾರವೇ ಹೊರಟೆ.

ನಿಜ ಹೇಳಬೇಕೆಂದರೆ ನನಗೂ ಸಂಶಯವಿತ್ತು. ಗಂಡಸರು ಮನೆಯಲ್ಲಿ ಕಷ್ಟ ಬಂದಾಗ ಅದರ ಕಡೆ ನೋಡಲಾರದೆ ಬೇರೆ ಏನನ್ನೋ ದಿಟ್ಟಿಸಿ ನೋಡುವುದನ್ನು ನಾನು ಬಹಳ ಕಂಡಿದ್ದೇನೆ. ಕೆಲವರಿಗೆ ನ್ಯೂಸ್ ಪೇಪರ್. ಇವನಿಗೆ ಮೀನು. ಒಂದು ನೋಟ್‌ಬುಕ್ ತೆಗೆದುಕೊಂಡು, ಮೇಲೆ 'ಅಬ್ಸರ್ವೇಷನ್' ಎಂದು ಬರೆದು ಕೆಲಸಕ್ಕೆ ಕೂತೆ. ಮೊದಲ ದಿನವೇ, ಅವನು ಸ್ನಾನಕ್ಕೆ ಹೋದಾಗ ತೊಟ್ಟಿಯ ನೀರು ಬಟ್ಟಲಲ್ಲಿ ಹಿಡಿದು ಅರಿಶಿನ ಹಾಕಿ ನೋಡಿದೆ. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುತ್ತದೆ ಎಂದು ಕಾನ್ವೆಂಟಿನ ಲ್ಯಾಬಿನಲ್ಲಿ ಕಲಿತ ನೆನಪು. ಹಳದಿಯಾಗಿಯೇ ಉಳಿಯಿತು. ಎಂಟು ಪಾಯಿಂಟ್ ಎರಡು ಅರಿಶಿನದ ಮಟ್ಟಿಗೆ ಏನೂ ಅಲ್ಲವಂತೆ. ಬಟ್ಟಲು ತೊಳೆಯುವುದು ಮರೆತು ಅಂದಿನ ಸಾರು ಸ್ವಲ್ಪ ಉಪ್ಪಾಯಿತು, ಅದರ ಎನ್ಕ್ವೈರಿ ಯಾರೂ ಮಾಡಲಿಲ್ಲ.

ನೋಟ್‌ಬುಕ್ಕಿನಲ್ಲಿ ಬರೆದದ್ದು ಬೇರೆಯೇ ಆಯಿತು. ಆರೂವರೆಗೆ ಗಂಜಿ, ಚಮಚದಲ್ಲಿ, ಬಟ್ಟೆಯ ಮೇಲೆ ಒಂದು ಹನಿ ಬೀಳದಂತೆ. ಎಂಟಕ್ಕೆ ಕೈ ಎಕ್ಸರ್ಸೈಜ್. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು. ತಲೆ ಬಾಚಿ ಹೆರಳು ಹಾಕುವುದು, ಅದು ಮಾತ್ರ ಸೊಟ್ಟ. ಮೀನಿಗೆ ದಿನಕ್ಕೆ ಹೆಚ್ಚೆಂದರೆ ಅರ್ಧ ತಾಸು. ಇದೆಂಥ ಹುಚ್ಚು?

ಇನ್ನೊಂದು ವಿಷಯ. ಸೋಮವಾರ ಹತ್ತಿ ಬಟ್ಟೆ ವ್ಯಾಪಾರದ ದೂರದ ನೆಂಟರು ಇಬ್ಬರೇ ಬಂದರು. ಕಿಟಕಿ ತೆರೆದಿತ್ತು. ಏಳು ನಿಮಿಷಕ್ಕೆ ಪಿಎಚ್ ಬಿತ್ತು. ಮಂಗಳವಾರ ತರಕಾರಿ ಮಾರುವ ಅವ್ವ ಬುಟ್ಟಿ ಇಳಿಸಿ ಒಳಗೆ ಬಂದಳು, ಬೆನ್ನಿಗೆ ಓಣಿಯ ಇನ್ನೂ ಐದು ಜನ ಹೆಂಗಸರು. ಅಂದು ಗಿರಣಿಯ ಬೂದಿ ಜೋರಾಗಿತ್ತು, ಕಿಟಕಿ ಎಲ್ಲ ಮುಚ್ಚಿತ್ತು. ಅವ್ವ ಮಂಚದ ಮೇಲೇ ಕೂತು, ನೆಗೆಣ್ಣಿಯ ಕಾಲು ಒತ್ತುತ್ತ, ತನ್ನ ಸೊಸೆಯನ್ನು ಬೈದಳು, ಪುರಸಭೆಯವರನ್ನು ಬೈದಳು, ಬದನೆಕಾಯಿ ಹುಳವನ್ನು ಬೈದಳು. "ನೀ ಎದ್ದು ಬಂದು ಚೌಕಾಸಿ ಮಾಡು ಜಲ್ದಿ. ನಿನ್ನ ಗಂಡ ಕೇಳಿದಷ್ಟು ಕೊಟ್ಟು ಒಯ್ತಾನ, ಮಾರೋದರಾಗ ರುಚಿನ ಹೋತು," ಎಂದಳು. ನೆಗೆಣ್ಣಿಯ ಹೊಟ್ಟೆ ನಗುವಿನಿಂದ ಕುಲುಕಿತು. ಎರಡು ತಾಸು. ಆರು ಜನ. ಮೀಟರ್ ಡ್ರಾಯರಿನಿಂದ ಹೊರಗೇ ಬರಲಿಲ್ಲ.

ತರಕಾರಿ ಅವ್ವ ಏನು, ಆಕ್ಸಿಜನ್ ಬಿಡುತ್ತಾಳೆಯೇ?

ಬುಧವಾರ ಮತ್ತೆ ಅಳುವವರ ಒಂದು ಗುಂಪು ಬಂತು. ಈ ಸಲ ನಾನು ತೊಟ್ಟಿ ನೋಡಲಿಲ್ಲ, ನೆಗೆಣ್ಣಿಯನ್ನು ನೋಡಿದೆ. ಯಾರೋ "ಹೆಂಗಿದ್ದಾಕಿ" ಎಂದು ಶುರು ಮಾಡಿದರು. ಅವಳು ನಿಧಾನಕ್ಕೆ ಮುಖವನ್ನು ಅವರಿಂದ ತಿರುಗಿಸಿ ಮೀನುಗಳ ಕಡೆ ಮಾಡಿದಳು. ಅಷ್ಟೇ. ಮೈದುನ ಎದ್ದ. ಮೀಟರ್ ಅದ್ದಿದ. ಪ್ರತಿ ಸಲ ಅದನ್ನು ತನ್ನ ಕಡೆಗೇ ವಾರೆ ಹಿಡಿಯುತ್ತಿದ್ದ. ಅವನಿಗೆ ಒಂದು ಸಂಗತಿ ಗೊತ್ತಿರಲಿಲ್ಲ: ಹಿಂದಿನ ತಿಂಗಳಷ್ಟೇ ನನ್ನ ಎಡಗಣ್ಣಿನ ಪೊರೆ ತೆಗೆಸಿದ್ದೆ. ಹೊಸ ಲೆನ್ಸ್. ಓಣಿಯ ಆಚೆಯ ಬೋರ್ಡು ಓದುತ್ತಿತ್ತು.

"ಏಳು ಪಾಯಿಂಟ್ ಏಳು," ಎಂದ.

ಮೀಟರಿನಲ್ಲಿ ಇದ್ದದ್ದು ಎಂಟು ಪಾಯಿಂಟ್ ಎರಡು.

ಎಲ್ಲರನ್ನೂ ಕಳಿಸಿ ಬಂದ ಮೇಲೆ ಅಡುಗೆಮನೆಯಲ್ಲಿ ಹಿಡಿದೆ. "ಏನಪಾ, ಆ ಮೀಟರ್ ಸುಳ್ಳು ಹೇಳ್ತದೋ, ನೀ ಹೇಳ್ತೀಯೋ?"

ಅವನು ಚೊಂಬು ಕೆಳಗಿಟ್ಟ. ಚಿಕ್ಕವನಿದ್ದಾಗ ಸಕ್ಕರೆ ಡಬ್ಬಿಯಲ್ಲಿ ಕೈ ಸಿಕ್ಕಿದ್ದಾಗ ನಿಂತಂತೆಯೇ ನಿಂತ.

"ಉಸಿರಿನಿಂದ ಪಿಎಚ್ ಇಳಿಯೋದು ಖರೇ ವೈನಿ. ಆದ್ರ ಅಷ್ಟು ಜಲ್ದಿ ಇಳಿಯಂಗಿಲ್ಲ. ಅಲ್ಕಲಿನಿಟಿ ಬರೋಬ್ಬರಿ ಅದ." ಚೊಂಬಿನಿಂದ ಚಮಚ ತೆಗೆದು ತೊಳೆದ. "ಅವ್ರು ಹೋದ ಮ್ಯಾಲ ಆಕಿ ಎರಡು ದಿನ ಗಂಜಿ ನುಂಗಂಗಿಲ್ರೀ. ಬಾಯಿ ಬಿಗಿ ಹಿಡೀತಾಳ. ತನ್ನ ಮುಂದ ತನ್ನ ಸುದ್ದಿ ಸತ್ತವ್ರ ಸುದ್ದಿ ಆಡಿದಂಗ ಆಡಿದ್ರ ಯಾರಿಗೆ ನುಂಗ್ತದ? ಮಾತ್ ಇದ್ದಿದ್ರ ಆಕಿನ ಎಲ್ರಿಗೂ ಬಾಗಿಲ ತೋರಸ್ತಿದ್ಲು."

"ಹಂಗಂತ ಅವರಿಗೇ ಹೇಳಬಾರದೇನು?"

"ಹೆಂಗ್ ಹೇಳ್ಲಿ? ನೀವು ಬಂದ್ರ ಆಕಿಗೆ ಆಗಂಗಿಲ್ಲ ಅಂದ್ರ ಒಡಹುಟ್ಟಿದಾಕಿ ಮನಸು ಮುರೀತದ. ಆಮ್ಯಾಲ ತವರು ಮಂದಿ ಈ ಕಡಿ ಹಾಯಂಗಿಲ್ಲ. ಆಕಿಗೆ ತವರು ಬೇಕಲ್ರೀ. ನನಗ ಹುಚ್ಚ ಅಂತಾರ, ಅನ್ಲಿ. ಅದರಾಗ ನಂದೇನ್ ಹೋಗ್ತದ?"

ಸಂಶಯದ ಒಂದು ತೊಂದರೆ ಏನೆಂದರೆ, ಅದು ನಿಜ ಸಿಗುವ ತನಕ ಮಾತ್ರ ಜೊತೆಗಿರುತ್ತದೆ. ಸಿಕ್ಕಮೇಲೆ ಅದನ್ನು ಏನು ಮಾಡಬೇಕು ಎಂದು ಹೇಳಿಕೊಡುವುದಿಲ್ಲ. ಡೆಸ್ಕಿನ ಕೆಳಗೆ ನೋಡಿದ ಸಿಸ್ಟರ್‌ಗೆ ಹುಣಸೆಹಣ್ಣು ಸಿಕ್ಕಿತ್ತು, ಕಸಿದುಕೊಂಡರು, ಮುಗಿಯಿತು. ನನಗೆ ಸಿಕ್ಕದ್ದನ್ನು ಎಲ್ಲಿಡಲಿ?

ಗುರುವಾರ ಹನ್ನೊಂದಕ್ಕೆ ಟಂಟಂ ಬಂತು. ಮುಕ್ಕುಂದದಕ್ಕ, ಜೊತೆಗೆ ಇಬ್ಬರು ಸೊಸೆಯಂದಿರು, ತಂಗಿಗೆ ಹೊದಿಸಿ ಒಯ್ಯಲು ಒಂದು ಹೊಸ ಕೌದಿ. ಅಳುತ್ತಲೇ ಬಂದು ತಂಗಿಯ ಕೈ ಹಿಡಿದರು. ಆಮೇಲೆ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದರು.

"ಹೇಳ್ರಿ ಅಕ್ಕಾರ. ನಾಲ್ಕು ದಿನ ನೋಡೀರಿ. ನಿಮ್ಮ ಮೈದುನನ ತಲಿ ನೆಟ್ಟಗದನೋ ಇಲ್ಲೋ?"

ಎಲ್ಲರೂ ನನ್ನನ್ನು ನೋಡಿದರು. ನೆಗೆಣ್ಣಿಯೂ. ಅವನು ಸರಿಯಿದ್ದಾನೆ ಎಂದರೆ, ಮತ್ತೆ ನಮ್ಮನ್ನೇಕೆ ಹೊರಗೆ ಹಾಕುತ್ತಾನೆ ಎಂದು ಕೇಳುತ್ತಾರೆ. ಹುಚ್ಚ ಎಂದರೆ ಕೌದಿ ಬಿಚ್ಚುತ್ತಾರೆ. ನಾನು ಕನ್ನಡಕ ಏರಿಸಿ, ನೋಟ್‌ಬುಕ್ ತೆಗೆದೆ.

"ಹುಚ್ಚ ಅದಾನ್ರೀ," ಎಂದೆ. "ಆಬ್ಸಲ್ಯೂಟ್ಲಿ. ಆದರ ಟೈಮ್‌ಟೇಬಲ್ ಇಟ್ಟುಕೊಂಡ ಹುಚ್ಚ." ಗಂಜಿಯಿಂದ ಹೆರಳಿನ ತನಕ ಎಲ್ಲ ಓದಿದೆ. ಎಷ್ಟು ಗಂಟೆಗೆ ಮಗ್ಗುಲು, ಎಷ್ಟು ಗಂಟೆಗೆ ಮಾತ್ರೆ. "ಮುಕ್ಕುಂದದಾಗ ನಾಟಿ ಹಂಗಾಮು ಬಂತು. ಎರಡು ತಾಸಿಗೊಮ್ಮೆ ಹೊಲ ಬಿಟ್ಟು ಬಂದು ಮಗ್ಗುಲು ಬದಲಿಸೋರು ಯಾರು, ಹೆಸರು ಹೇಳ್ರಿ, ಬರ್ಕೋತೀನಿ."

ಸೊಸೆಯಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಕ್ಕುಂದದಕ್ಕ ತಂಗಿಯ ಗಲ್ಲ ಹಿಡಿದು, "ನೀನ ಹೇಳವಾ, ನನ್ ಕೂಡ ಬರ್ತೀಯಿಲ್ಲೋ?" ಎಂದು ಮತ್ತೆ ಅಳಲು ಶುರು ಮಾಡಿದರು. "ಹೆಂಗಿದ್ದಾಕಿ..."

ನೆಗೆಣ್ಣಿ ಮುಖ ತಿರುಗಿಸಿದಳು, ಮೀನುಗಳ ಕಡೆ.

ಮೈದುನ ಏಳಲಿಲ್ಲ. ಅವನ ಕಣ್ಣು ಮಡಿಸಿಟ್ಟ ಕೌದಿಯ ಮೇಲೇ ಇತ್ತು. ನಾನೇ ಎದ್ದು ಡ್ರಾಯರ್ ಎಳೆದು ಮೀಟರ್ ತೆಗೆದೆ. ಅದ್ದಿದೆ. ಎಂಟು ಪಾಯಿಂಟ್ ಎರಡು. ನನ್ನ ಆಯುಷ್ಯದಲ್ಲಿ ಇಂಗ್ಲಿಷಿನಲ್ಲಿ ಸುಳ್ಳು ಹೇಳಿದವಳಲ್ಲ ನಾನು, ಹೇಳಿದರೆ ಕನ್ನಡದಲ್ಲೇ.

"ಸೆವೆನ್ ಪಾಯಿಂಟ್ ಸಿಕ್ಸ್," ಎಂದೆ. "ವೆರಿ ಡೇಂಜರಸ್. ಎಲ್ಲರೂ ಹೊರಗ ನಡೀರಿ."

ಮುಕ್ಕುಂದದಕ್ಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. ಕೌದಿಯನ್ನು ತಂಗಿಯ ಕಾಲಿಗೆ ಹೊದಿಸಿ ಸರಿ ಮಾಡಿದರು. "ಮೊದಲ ಒಬ್ಬನಿಗೆ ಹುಚ್ಚು ಇತ್ತು," ಎಂದರು ಸೊಸೆಯಂದಿರಿಗೆ, "ಈಗ ಮೂರು ಮಂದಿಗೂ ಹತ್ತ್ಯದ. ನಡೀರಿ, ನಮಗೂ ಹತ್ತೀತು." ಹೋದರು. ಆದರೆ ಮುಂದಿನ ವಾರ ಮತ್ತೆ ಬಂದರು, ಕಟ್ಟೆಯ ಮೇಲೆ ಕೂತು ಅತ್ತು, ಕಣ್ಣೊರೆಸಿಕೊಂಡು, ಆಮೇಲೆ ಒಳಗೆ ಬಂದು ತಂಗಿಗೆ ಗಂಜಿ ಕುಡಿಸಿ ಹೋದರು. ತೊಟ್ಟಿಯ ನೀರು ಕೆಡಬಾರದಲ್ಲ, ಅದರ ಸಲುವಾಗಿ.

ನಾನೂ ತಿಂಗಳಿಗೊಮ್ಮೆ ಹೋಗುತ್ತಿದ್ದೆ. ಈ ಗುಟ್ಟು ತಿಳಿದ ಮೇಲೆ ನಾನೊಬ್ಬ ಮಾಡೆಲ್ ವಿಸಿಟರ್ ಆಗಿಬಿಟ್ಟಿದ್ದೆ. ಹದಿನೈದು ನಿಮಿಷ, ನಿಟ್ಟುಸಿರಿಲ್ಲ, ಅಯ್ಯೋ ಇಲ್ಲ, ಊರ ಸುದ್ದಿ ನಾಲ್ಕು ಹೇಳಿ ಎದ್ದುಬಿಡುವುದು. ಅವಳಿಗೆ ನಾನು ಭಾರವಾಗುವ ಮೊದಲು.

ಯುಗಾದಿ ಮುಗಿದು ಬಿಸಿಲು ಏರುತ್ತಿದ್ದ ಒಂದು ಮಧ್ಯಾಹ್ನ ಹೋದೆ. ಕಿಟಕಿ ತೆರೆದಿತ್ತು. ಮೈದುನ ತೊಟ್ಟಿಯ ಗಾಜು ಒರೆಸುತ್ತಿದ್ದ. ನೆಗೆಣ್ಣಿ ದಿಂಬಿಗೆ ಒರಗಿ ಕೂತಿದ್ದಳು, ಬಹಳ ಇಳಿದಿದ್ದಳು. ಆ ಹೊತ್ತಿಗೆ ಮಾತು ಒಂದೊಂದೇ ಬರುತ್ತಿತ್ತಂತೆ, ವಾರಕ್ಕೆ ಒಂದೋ ಎರಡೋ. ನಾನು ನನ್ನ ನಾಲ್ಕು ಸುದ್ದಿ ಹೇಳಿ, ಗಡಿಯಾರ ನೋಡಿ, ಬ್ಯಾಗ್ ಹೆಗಲಿಗೆ ಹಾಕಿಕೊಂಡು ಎದ್ದೆ.

"ಇ... ರು," ಎಂದಳು.

ನಾನು ನಿಂತೆ. ನನ್ನ ಹಾಳು ಬುದ್ಧಿ. ಯಾರಿಗೆ ಹೇಳಿದಳು, ನನಗೋ, ಗಂಡನಿಗೋ, ಎಂದು ಅನುಮಾನ. ಮರ್ಯಾದೆಗೆ ಹೇಳಿದ್ದಿರಬಹುದು ಎಂದು ಇನ್ನೊಂದು ಅನುಮಾನ.

"ನನಗಾ?" ಎಂದೆ.

ಅವಳು ನನ್ನನ್ನೇ ನೋಡಿದಳು. ಬಾಯಿ ಮೆಲ್ಲಗೆ ಆಡತೊಡಗಿತು. ಕತ್ತಿನ ನರ ಉಬ್ಬಿತು. ಎಷ್ಟು ಹೊತ್ತಾಯಿತೋ. ಸರಿಯಿದ್ದ ಅರ್ಧ ತುಟಿ ಮೊದಲಿನಂತೆಯೇ ಕೊಂಕಾಯಿತು.

"ಮತ್ತ... ಮೀನಿ... ಗೇನ?"

ಮೈದುನ ಒರೆಸುವ ಬಟ್ಟೆ ಹಿಡಿದುಕೊಂಡೇ ಅಡುಗೆಮನೆಗೆ ಹೋದ. ಬಹಳ ಹೊತ್ತು ಹೊರಗೆ ಬರಲಿಲ್ಲ.

ನಾನು ಬ್ಯಾಗ್ ಇಳಿಸಿ ಕೂತೆ. ನಾಲ್ಕು ಗಂಟೆಯ ಬಸ್ಸು ಬಿಟ್ಟೆ. ಐದೂವರೆಯದೂ ಬಿಟ್ಟೆ. ಹೊರಗೆ ಬಿಸಿಲು ಇಳಿದ ಮೇಲೆ ಅವಳೇ ಎಡಗೈ ಎತ್ತಿ, ಸಾಕು, ಇನ್ನು ಹೋಗು ಎನ್ನುವಂತೆ ಬೀಸಿದಳು. ನಾನು ಹೊರಟೆ. ಅವಳನ್ನು ನೋಡಿದ್ದು ಅದೇ ಕೊನೆ.